ಬೇಸಿಗೆಯ ಬಂಡೆಯಲ್ಲಿ ಜೀವ

ಬೆಳಗಾವಿ ಬಳಿಯ ಮಚ್ಛೆಯಿಂದ ನೈಋತ್ಯಕ್ಕೆ ಜಾಂಬೋಟಿ, ಕಣಕುಂಬಿಗಳನ್ನು ಹಾದು ಚೋರ್ಲಾ ಘಟ್ಟದವರೆಗೆ ಹಬ್ಬಿರುವ ಖಾನಾಪುರ ಸೀಮೆಯ ಕಾಡುಗಳ ನಡುವೆ ಅಲ್ಲಲ್ಲಿ ಮರಗಳಿಲ್ಲದ ಜಂಬಿಟ್ಟಿಗೆಯ ಹಾಸುಗಳಿವೆ. ಕಬ್ಬಿಣದ ಅಂಶ ಸೇರಿ ಗಟ್ಟಿಗೊಂಡ ಈ ಕೆಂಪು ಕಲ್ಲಿನ ಮೇಲೆ ಮಣ್ಣು ತೀರ ತೆಳು. ಮಲಪ್ರಭೆ ಹುಟ್ಟುವ ಈ ಸೀಮೆಯಲ್ಲಿ ಮಳೆ ವಿರಳವಲ್ಲ, ವಿಪರೀತ. ಆದರೂ ಸುರಿದ ನೀರನ್ನು ಹಿಡಿದಿಡಲಾರದ ಹಾಸು ವರ್ಷದ ಬಹುಭಾಗ ಒಣಗಿ ಕಾಯುವುದರಿಂದ, ಅಲ್ಲಿ ಬೇರೂರಬೇಕಾದ ಸಣ್ಣ ಗಿಡಕ್ಕೆ ಅದು ಮರುಭೂಮಿಯೇ ಸರಿ. ಮಳೆಗಾಲದ ಕೊನೆಗೆ ಅದೇ ಕಲ್ಲಿನ ತಗ್ಗುಗಳಲ್ಲಿ ಬಿಳಿ ಗುಂಡಿಯಂತಹ ಎರಿಯೊಕೌಲಾನ್, ಕೀಟಗಳಿಂದ ಪೋಷಣೆ ಪಡೆಯುವ ನೇರಳೆ ಯುಟ್ರಿಕ್ಯುಲೇರಿಯಾ, ಕರ್ಣಕುಂಡಲದ ಬಳಗದ ಹೂಗಳು ಒಟ್ಟೊಟ್ಟಿಗೆ ಅರಳುತ್ತವೆ. ಹಾಗಾದರೆ ವೈಶಾಖದಲ್ಲಿ ಆ ಬಂಡೆಯ ಮೇಲೆ ಜೀವವಿತ್ತೇ?

ಈ ಪ್ರಶ್ನೆಯನ್ನು ಭಾರತೀಯ ದರ್ಶನಗಳಲ್ಲಿ ಅತ್ಯಂತ ಗಂಭೀರವಾಗಿ ಎತ್ತಿಕೊಂಡದ್ದು ಜೈನದರ್ಶನ. ಬೆಳಗಾವಿಗೆ ಅದು ಹೊರಗಿನದಲ್ಲ. ರಟ್ಟ ವಂಶದ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇಲ್ಲಿನ ಕೋಟೆಯೊಳಗೆ ಇಂದಿಗೂ ನಿಂತಿದೆ. ಸಸ್ಯಗಳು ಸ್ಪರ್ಶವೊಂದೇ ಇಂದ್ರಿಯವುಳ್ಳ ಏಕೇಂದ್ರಿಯ ಜೀವಗಳೆಂದು ಹೇಳಿ ನಿಲ್ಲದೆ, ಜೈನ ಚಿಂತನೆ ಸಚಿತ್ತ, ಎಂದರೆ ಜೀವವುಳ್ಳದ್ದು, ಅಚಿತ್ತ, ಎಂದರೆ ಜೀವ ಹೋದದ್ದು, ಎಂಬ ಭೇದವನ್ನು ಬೀಜಕ್ಕೂ ಅನ್ವಯಿಸಿತು. ಶ್ವೇತಾಂಬರರ ಭಗವತೀಸೂತ್ರವು ಭದ್ರವಾಗಿ ಮುಚ್ಚಿಟ್ಟ ಭತ್ತ, ಗೋಧಿಗಳ ಮೊಳೆಯುವ ಶಕ್ತಿಗೆ ಹೆಚ್ಚೆಂದರೆ 3 ವರ್ಷ, ಕೆಲವು ಕಾಳುಗಳಿಗೆ 5, ಅಗಸೆಯಂಥವಕ್ಕೆ 7 ವರ್ಷ ಎಂದು ಮಿತಿ ಹಾಕುತ್ತದೆ. ಚೀನಾದ ಒಣಗಿದ ಸರೋವರವೊಂದರ ತಳದಲ್ಲಿ ಸುಮಾರು 1,300 ವರ್ಷ ಹೂತುಹೋಗಿದ್ದ ಕಮಲದ ಬೀಜ ಪ್ರಯೋಗಾಲಯದಲ್ಲಿ ಮೊಳೆತದ್ದನ್ನು ನೆನೆದರೆ ಬೀಜಗಳ ಬಾಳ್ವೆ ಇಂಥ ಮಿತಿಗಳನ್ನು ಎಷ್ಟೋ ಮೀರಬಲ್ಲದು. ಆದರೂ ಕಣಜದ ಕಾಳಿನೊಳಗೆ ಜೀವ ಎಷ್ಟು ಕಾಲ ಉಳಿದೀತೆಂದು ಕೇಳುವ ಮನಸ್ಸು ಆ ಲೆಕ್ಕಕ್ಕಿಂತ ದೊಡ್ಡದು, ಏಕೆಂದರೆ ಕೈ ಯಾವುದನ್ನು ಹಿಸುಕಬಹುದು, ಯಾವುದನ್ನು ಹಿಸುಕಬಾರದು ಎಂಬುದು ಆ ಉತ್ತರವನ್ನೇ ಅವಲಂಬಿಸಿತ್ತು.

ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ಒಂದೇ ಊರಿನಲ್ಲಿ ನಿಲ್ಲುವ ಚಾತುರ್ಮಾಸ್ಯದ ಹಿಂದಿರುವುದೂ ಇದೇ ಎಚ್ಚರ: ಮಳೆಯಲ್ಲಿ ನೆಲವೆಲ್ಲ ಮೊಳಕೆ, ಹುಳುಗಳಿಂದ ತುಂಬಿರುವಾಗ ಹೆಜ್ಜೆಯೂ ಹಿಂಸೆಯಾದೀತು. ಅವರು ನಡೆಯಬೇಕಾದದ್ದು ಪ್ರಾಸುಕ, ಎಂದರೆ ಜೀವರಹಿತವಾದ, ದಾರಿಯಲ್ಲಿ. ಕಠಿಣವಾದ ಪ್ರಶ್ನೆ ಹುಟ್ಟುವುದು ಇಲ್ಲಿಯೇ, ಏಕೆಂದರೆ ಬೇಸಿಗೆಯ ಜಂಬಿಟ್ಟಿಗೆ ಹಾಸು ಯಾರ ಕಣ್ಣಿಗೂ ಪ್ರಾಸುಕವಾಗಿಯೇ ತೋರುತ್ತದೆ. ಆದರೆ ಬರಿದಾಗಿ ಕಾಣುವ ನೆಲ ಬರಿದಾಗಿರಬೇಕೆಂದಿಲ್ಲ: ಮರುಭೂಮಿಯ ಹಲವು ಸಸ್ಯಗಳ ಬೀಜದ ಸಿಪ್ಪೆಯಲ್ಲಿ ಮೊಳೆಯುವಿಕೆಯನ್ನು ತಡೆಯುವ ರಾಸಾಯನಿಕಗಳಿದ್ದು, ತುಂತುರು ಮಳೆ ಅವನ್ನು ತೊಳೆಯಲಾರದು, ಗಿಡ ಬೆಳೆದು ಹೂಬಿಡಲು ಸಾಲುವಷ್ಟು ಮಳೆಯೇ ಬೇಕು. ಅಷ್ಟು ಸುರಿದಾಗಲೂ ಒಂದು ಪಾಲು ಬೀಜ ಮೊಳೆಯದೆ ಮುಂದಿನ ಮಳೆಗೆ ಉಳಿಯುತ್ತದೆ. ಇಂಥ ತಡವೇ ಸಂತತಿಯನ್ನು ಅಳಿವಿನಿಂದ ಕಾಯಬಲ್ಲದೆಂದು ಜೀವವಿಜ್ಞಾನಿ ಡ್ಯಾನ್ ಕೋಹೆನ್ 1966ರಲ್ಲಿ ಗಣಿತದಿಂದ ತೋರಿಸಿದರು. ಅಂಥ ನೆಲದಲ್ಲಿ ಹೂ ತುಂಬಿದ ದಿನವೂ ನೆಲದ ಜೀವವೆಲ್ಲ ಕಣ್ಣಿಗೆ ಬಿದ್ದಿರುವುದಿಲ್ಲ.

ಜೈನರ ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲ ಹುಟ್ಟು, ಅಳಿವು, ಸ್ಥಿರತೆಗಳನ್ನು ಒಟ್ಟಿಗೆ ಹೊಂದಿದೆ. ಹೂ, ಬೀಜಗಳು ಪರ್ಯಾಯಗಳು, ಎಂದರೆ ಒಂದೇ ದ್ರವ್ಯ ತಾಳುವ ಬೇರೆಬೇರೆ ಅವಸ್ಥೆಗಳು. ಇದನ್ನು ಒಪ್ಪಿದವರು ಹೂವಿಗೆ ಕೊಟ್ಟ ಅಭಯವನ್ನು ಬೀಜಕ್ಕೆ ನಿರಾಕರಿಸಲಾಗದು, ಚಾತುರ್ಮಾಸ್ಯದ ತರ್ಕವನ್ನು ಉಳಿದ ಎಂಟು ತಿಂಗಳಿಗೆ ಮುಚ್ಚಲಾಗದು. ಸರ್ಕಾರಿ ಕಾಗದಗಳು ಇಂಥ ನೆಲವನ್ನು ಪಾಳು ಎಂದು ಕರೆಯಬಹುದು, ಆದರೆ ಜೈನ ಆಚಾರಗ್ರಂಥಗಳು ಗೃಹಸ್ಥರಾದ ಶ್ರಾವಕರಿಗೆ ಸಲ್ಲದೆಂದು ಎಣಿಸಿದ ಹದಿನೈದು ವೃತ್ತಿಗಳಲ್ಲಿ ನೆಲವನ್ನು ಅಗೆದು ಸೀಳುವ ಸ್ಫೋಟಕರ್ಮವೂ ಒಂದು. ಗೋಡೆಯ ಕಲ್ಲಿಗಾಗಿ ಜಂಬಿಟ್ಟಿಗೆಯ ಹಾಸನ್ನು ಕತ್ತರಿಸಿದಾಗ ತಗ್ಗುಗಳ ಆ ತೆಳುಮಣ್ಣು ತನ್ನೊಳಗಿನ ಬೀಜ, ಗೆಡ್ಡೆಗಳ ಸಮೇತ ಹೋಗುತ್ತದೆ, ಮುಂದೆ ಎಷ್ಟು ಮಳೆ ಸುರಿದರೂ ಅಲ್ಲಿ ಮೊಳೆಯಲು ಏನೂ ಉಳಿದಿರುವುದಿಲ್ಲ.