ತಪ್ಪು ಅವರದು, ಹೊಣೆ ಯಾರದು?

ಹಿಟ್ನಾಳದಿಂದ ಹುಲಿಗಿ ಕಡೆ ಸೈಕಲ್ ಹೊಡೀತಿದ್ದೆ. ಡಾಂಬರಿನ ಮೇಲೆ ಒಣಗಲು ಹರವಿದ್ದ ಭತ್ತದಲ್ಲಿ ಗಾಲಿ ಜಾರಿ ಬಿದ್ದೆ. ಭುಜದ ಎಲುಬು ಮುರೀತು. ಓಡಿಬಂದು ಎತ್ತಿದ ಹಿರಿಯರಿಗೇ ಬೈದೆ: "ರಸ್ತೇನ ಕಣ ಮಾಡ್ಕೊಂಡೀರೇನು?"

"ಕಣ ಇದ್ದಿದ್ರ ಇಲ್ಯಾಕ ಹಾಕ್ತಿದ್ವಿ ತಮ್ಮಾ?" ಅಂದ್ರು.

ಎರಡು ತಿಂಗಳು ಮನೆಯಲ್ಲಿ ಕೂತಾಗ ಆ ಮಾತು ತಲೆಯಿಂದ ಹೋಗಲಿಲ್ಲ. ಕಾಲುವೆ ನೀರಲ್ಲಿ ಬೆಳೆದ ನಮ್ಮನೆ ನೆಲ್ಲೂ ರಸ್ತೆ ಮೇಲೇ ಒಣಗಿದ್ದು. ಕಾಲಲ್ಲಿ ಕೆದರುತ್ತಿದ್ದವನು ನಾನೇ. ಹಾಗಂತ ಅದು ಸರಿ ಅಂತಲ್ಲ. ರಾತ್ರಿ ಬೈಕಿನವರು ಬಿದ್ದರೆ ಜೀವವೇ ಹೋಗಬಹುದು.

ಆದರೆ ನನ್ನ ಸೈಕಲ್ ಹೇಗಿತ್ತು? 23 ಎಂಎಂ ಟೈರು, ಕಲ್ಲಿನಂತೆ ತುಂಬಿದ ಗಾಳಿ, ಸೀಟಿಗಿಂತ ಕೆಳಗಿನ ಹ್ಯಾಂಡಲ್. ತಲೆ ತಗ್ಗಿಸಿದರೆ ಮುಂದಿನ ಗಾಲಿ ಬಿಟ್ಟು ಏನೂ ಕಾಣ್ತಿರಲಿಲ್ಲ. ಭಾರ ಅಂತ ಬೆಲ್ಲೂ ಬಿಚ್ಚಿಟ್ಟಿದ್ದೆ. ಖಾಲಿ ರಸ್ತೆಗೆ ಹೊಂದೋ ಸೈಕಲ್ಲನ್ನು ನಮ್ಮೂರಿಗೆ ತಂದಿದ್ದೆ.

ಈಗ 32 ಎಂಎಂ ಟೈರು, ಕಡಿಮೆ ಗಾಳಿ, ಎತ್ತರದ ಹ್ಯಾಂಡಲ್, ಬೆಲ್ಲು.

"ತಪ್ಪು ಅವರದು, ಬದಲಾಗೋದು ನೀನಾ?" ಅಂತ ಗೆಳೆಯ ಕೇಳಿದ. ಅವರ ತಪ್ಪು ಅವರದೇ. ಆದರೆ ಅದನ್ನು ಎಣಿಸುತ್ತಾ ಕೂತರೆ ನನ್ನ ಪಾಲು ನನಗೆ ಕಾಣೋದೇ ಇಲ್ಲ. ಮೊನ್ನೆ ಅಲ್ಲೇ ಮತ್ತೆ ಭತ್ತ ಹರವಿತ್ತು. ದೂರದಿಂದಲೇ ಕಂಡಿತು. ಬೆಲ್ ಹೊಡೆದು, ಇಳಿದು, ತಳ್ಳಿಕೊಂಡು ದಾಟಿದೆ.