ಲಿಮಿಟ್ ಏರಿತು, ನಾನು ಏರಿದೆನೇ?

*ಇಂದಿನ ಧಮ್ಮ ಚಿಂತನೆ: ಋಣವಿಲ್ಲದ ಸುಖ*

ಕುಶಾಲನಗರದ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸಂಬಳ 19,000 ರೂಪಾಯಿ. ಕ್ರೆಡಿಟ್ ಕಾರ್ಡ್ ಬಂದಾಗ ಲಿಮಿಟ್ 20,000 ಇತ್ತು. ಒಂದು ವರ್ಷ ತಪ್ಪದೆ ಬಿಲ್ ಕಟ್ಟಿದ ಮೇಲೆ ಮೊಬೈಲಿಗೆ ಮೆಸೇಜ್ ಬಂತು. ಲಿಮಿಟ್ 75,000ಕ್ಕೆ ಏರಿಸಿಕೊಳ್ಳಲು ನೀವು ಅರ್ಹರು, ಒಪ್ಪಿಗೆಯಿದ್ದರೆ ಒತ್ತಿ ಎಂದು.

‘ಅರ್ಹರು’ ಎಂಬ ಆ ಒಂದು ಮಾತಿಗೆ ನಾನು ಸೋತೆ. ಗುಡಿಗೆ, ಬಾವಿಗೆ, ಹೋಟೆಲಿನ ಲೋಟಕ್ಕೆ ಅರ್ಹರಲ್ಲ ಎನಿಸಿಕೊಂಡು ಬಂದ ಜನ ನಾವು. ಒತ್ತಿಯೇಬಿಟ್ಟೆ. ಸಂಬಳ ಏರಿದವನಂತೆ ಮನೆಯಲ್ಲಿ ಹೇಳಿಕೊಂಡೆ. ಏರಿದ್ದು ಸಂಬಳವಲ್ಲ, ಸಾಲ ಮಾಡುವ ಅವಕಾಶ.

ಟಿವಿ ಬಂತು, ಮಗಳ ಹುಟ್ಟುಹಬ್ಬ ಜೋರಾಯಿತು. ಬಾಕಿ 40,000 ಆಯಿತು. ಈ ತಿಂಗಳು ಕನಿಷ್ಠ 2,000 ಕಟ್ಟಿದರೆ ಸಾಕು ಎಂದಿತ್ತು ಬಿಲ್. ಕಟ್ಟಿದೆ. ಆಮೇಲೆ ಲೆಕ್ಕ ಹಾಕಿದೆ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,400, ಅದರ ಮೇಲೆ ಶೇ. 18 ಜಿಎಸ್‌ಟಿ 252. ನಾನು ಕೊಟ್ಟ 2,000ದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ! ಊರಿನವರ ಲೆಕ್ಕ ಬರೆಯುವವನಿಗೆ ತನ್ನ ಲೆಕ್ಕ ಕಂಡಿರಲಿಲ್ಲ.

ಸುಂಟಿಕೊಪ್ಪ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿದ್ದು ದುಡಿದ ಅಪ್ಪ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಮುಂಗಡ ಎಷ್ಟು ಬರೆಸಿಕೊಂಡೆ ಮಗಾ?”

“ಮುಂಗಡ ಅಲ್ಲಪ್ಪ, ಕಾರ್ಡು.”

“ನಾವೂ ಮಳೆಗಾಲದಲ್ಲಿ ತಗೋತಿದ್ವಿ. ಕೊಯ್ಲಿಗೆ ತೀರಿಸೋಣ ಅಂತ. ತೀರ್ತಿರಲಿಲ್ಲ. ಜಾಸ್ತಿ ಕೊಟ್ಟಷ್ಟೂ ಸಾಹುಕಾರ್ರು ನಮ್ಮನ್ನ ನಂಬ್ತಾರೆ ಅಂತ ಖುಷಿಪಡ್ತಿದ್ವಿ. ಬೇರೆ ತೋಟಕ್ಕೆ ಹೋಗೋಕೆ ಆಗದೇ ಇದ್ದಿದ್ದು ಅದರಿಂದಲೇ.”

ಮುಂಗಡ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವ ಜೀತವನ್ನು 1976ರ ಕಾಯ್ದೆ ರದ್ದು ಮಾಡಿದೆ. ನನ್ನ ಕಾರ್ಡು ಜೀತವಲ್ಲ, ನಿಜ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ, ನನಗಿತ್ತು. ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಲಿಮಿಟ್ ಏರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಆದ್ದರಿಂದ ಒತ್ತಿದ ಬೆರಳು ನನ್ನದೇ. ಸ್ಮೃತಿ, ಅಂದರೆ ಎಚ್ಚರ, ಬೇಕಾಗಿದ್ದದ್ದು ಧ್ಯಾನಕ್ಕೆ ಕುಳಿತಾಗ ಮಾತ್ರವಲ್ಲ, ಆ ಬೆರಳಿನ ತುದಿಯಲ್ಲಿಯೂ.

ಭಗವಾನ್ ಬುದ್ಧರು ಶ್ರಾವಸ್ತಿಯ ದೊಡ್ಡ ವ್ಯಾಪಾರಿ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು: ಸಂಪತ್ತು ಇರುವ ಸುಖ, ಅದನ್ನು ಅನುಭವಿಸುವ ಸುಖ, ಋಣವಿಲ್ಲದ ಸುಖ, ದೋಷವಿಲ್ಲದ ನಡತೆಯ ಸುಖ. ಹಣವನ್ನು ಅವರು ಹಳಿಯಲಿಲ್ಲ. ದೀಘಜಾಣು ಎಂಬ ಗೃಹಸ್ಥನಿಗೆ ಅವರು ಕೊಟ್ಟ ಉಪಮೆ ತಕ್ಕಡಿಯದು. ತಕ್ಕಡಿ ಹಿಡಿದವನು ಎಷ್ಟು ವಾಲಿತು, ಎಷ್ಟು ಏರಿತು ಎಂದು ತಿಳಿಯುವಂತೆ, ಗೃಹಸ್ಥನು ತನ್ನ ಆಯ ವ್ಯಯ ತಿಳಿದು ಬಾಳಬೇಕು. ಆಯದ ತಟ್ಟೆಯಲ್ಲಿ ನನ್ನ 19,000 ಇದೆ. ಲಿಮಿಟ್ಟನ್ನೂ ಅದೇ ತಟ್ಟೆಗೆ ಹಾಕಿದ್ದೇ ನನ್ನ ತಪ್ಪು.

ನಮ್ಮ ಅಧ್ಯಯನ ಬಳಗದ ಅಕ್ಕ ಒಬ್ಬರು ಕೇಳಿದರು: “ರಾತ್ರೋರಾತ್ರಿ ಮೈಸೂರಿನ ಆಸ್ಪತ್ರೆಗೆ ಓಡಬೇಕಾಗಿ ಬಂದರೆ?” ನ್ಯಾಯವಾದ ಪ್ರಶ್ನೆ. ಅಂಥ ಹೊತ್ತಿಗೆ ಕಾರ್ಡು ಕೈಹಿಡಿಯಬಹುದು. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿಯೂ ಇಲ್ಲ. ಆದರೆ ನಾನು ಒತ್ತಿದ್ದು ಆಸ್ಪತ್ರೆಯನ್ನು ನೆನೆದಲ್ಲ, ಹೊಗಳಿಕೆಗೆ ಮರುಳಾಗಿ. ಕಷ್ಟಕಾಲಕ್ಕೆಂದು ತಿಂಗಳಿಗೆ 500 ಎತ್ತಿಟ್ಟಿದ್ದರೆ ಅದು ನನ್ನದೇ ಲಿಮಿಟ್ ಆಗುತ್ತಿತ್ತು.

1923ರಲ್ಲಿಯೇ ರೂಪಾಯಿಯ ಸಮಸ್ಯೆ ಕುರಿತು ಗ್ರಂಥ ಬರೆದ ಬಾಬಾಸಾಹೇಬರ ಅನುಯಾಯಿಗಳು ನಾವು. ನಮ್ಮ ಬಿಲ್ಲನ್ನಾದರೂ ಪೂರ್ತಿ ಓದೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ನಮಗೆ ತೋರಿದ ಘನತೆಗೆ ಯಾವ ಬ್ಯಾಂಕಿನ ಮೆಸೇಜೂ ಬೇಕಿಲ್ಲ.

ಲಿಮಿಟ್ಟನ್ನು ಮತ್ತೆ 20,000ಕ್ಕೆ ಇಳಿಸಲು ಬರೆದುಕೊಟ್ಟಿದ್ದೇನೆ. ಬಾಕಿ ಇನ್ನೂ 14,000 ಇದೆ. ತೀರಿದ ದಿನ ಅಪ್ಪನಿಗೆ ಮೊದಲು ಹೇಳುತ್ತೇನೆ.

*ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನನ್ನ ಮಿತಿಯನ್ನು ಗೊತ್ತುಮಾಡುವವರು ಯಾರು?*

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙