ತೋಮನ ಎಂಟು ದಿನ

ನಂಬಿಕೆ ಇಲ್ಲದವನು ಪ್ರಾರ್ಥನೆಗೆ ಕೂರಬಹುದೆ? ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಹಬ್ಬಕ್ಕೆಂದು ಊರಿಗೆ ಹೋದಾಗ ಗುಡಿಯಲ್ಲೋ ಮಸೀದಿಯಲ್ಲೋ ಚರ್ಚಿನಲ್ಲೋ ಮನೆಯವರ ಪಕ್ಕ ನಿಲ್ಲುತ್ತೇವೆ. ಎಲ್ಲರಂತೆ ತಲೆ ಬಾಗಿಸುತ್ತೇವೆ. ಒಳಗೊಂದು ದನಿ ಮಾತ್ರ, ‘ನಿಜ ಹೇಳು, ಇದನ್ನು ನಂಬುತ್ತೀಯಾ?’ ಎಂದು ಕೇಳುತ್ತಲೇ ಇರುತ್ತದೆ. ನಡೆ ನುಡಿ ಒಂದಾಗಿರಬೇಕೆಂದು ವಚನಕಾರರಿಂದ ಕಲಿತ ನಾಡಿನವರಿಗೆ ಆ ದನಿಯನ್ನು ತಳ್ಳಿಹಾಕುವುದು ಸುಲಭವಲ್ಲ.

ನಾನು ಹುಬ್ಬಳ್ಳಿಯ ಪ್ರೊಟೆಸ್ಟೆಂಟ್ ಮನೆತನದವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿತು. ನಮ್ಮ ಸಭೆ ಅದರ ಕುಡಿ. ಕೆಲಸಕ್ಕೆಂದು ಬಂದು ತಿರುವನಂತಪುರದ ಉಳ್ಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅಂದಿನಿಂದ ವಿಶ್ವಾಸ ಪ್ರಮಾಣ ಹೇಳುವಾಗ ಶರೀರದ ಪುನರುತ್ಥಾನದ ಮಾತು ಬಂದ ಕೂಡಲೇ ನನ್ನ ಬಾಯಿ ನಿಂತುಬಿಡುತ್ತದೆ. ಅಪ್ಪನಿಗೆ ಮಣ್ಣು ಹಾಕಿದ ಕೈ ಇದು. ಈ ಕೈಗೆ ಗೊತ್ತಿರುವುದನ್ನು ಬಾಯಿ ಇಲ್ಲವೆನ್ನುವುದು ಹೇಗೆ?

ಆಫೀಸಿನ ಗೆಳೆಯನೊಬ್ಬನ ಉತ್ತರ ಸರಳ: ನಂಬದಿದ್ದರೆ ಹೋಗಬೇಡ, ಹೋಗುವುದಾದರೆ ನಂಬು. ಪ್ರಾಮಾಣಿಕವಾದ ಮಾತು. ಆದರೆ ಪ್ರಾರ್ಥನೆ ಎಂದರೆ ನಂಬಿದವರು ಮಾತ್ರ ಹಾಕುವ ಸಹಿ ಎಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ.

ಈಸ್ಟರ್ ಒಂದು ದಿನದ ಹಬ್ಬವಲ್ಲ. ಪಂಚಾಶತ್ತಮ ದಿನದವರೆಗೆ 50 ದಿನಗಳ ಕಾಲ. ಈ ಸಲ ಆ ದಿನಗಳಲ್ಲಿ ಅಪ್ಪನ ಕನ್ನಡ ಬೈಬಲನ್ನು ತೆಗೆದು ನಾಲ್ಕೂ ಸುವಾರ್ತೆಗಳ ಕೊನೆಯ ಪುಟಗಳನ್ನು ಮತ್ತೆ ಮತ್ತೆ ಓದಿದೆ. ಎಲ್ಲ ಕಡೆಯೂ ಅನುಮಾನವೇ ಕಂಡಿತು. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳು, ಹೆಂಗಸರು ಬರಿದಾದ ಸಮಾಧಿಯಿಂದ ನಡುಗುತ್ತ ಓಡಿಹೋಗಿ ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ಮುಗಿಯುತ್ತವೆ. ಲೂಕನಲ್ಲಿ ಆ ಹೆಂಗಸರು ಹೇಳಿದ್ದು ಅಪೊಸ್ತಲರಿಗೆ ಬರೀ ಹರಟೆಯಾಗಿ ಕೇಳಿಸುತ್ತದೆ. ಮತ್ತಾಯನಲ್ಲಿ, ಗಲಿಲಾಯದ ಬೆಟ್ಟದ ಮೇಲೆ ಕಣ್ಣೆದುರೇ ಕಂಡಾಗಲೂ ಕೆಲವರು ಸಂದೇಹಪಡುತ್ತಾರೆ. ನಂಬಿದವರೇ ಇವನ್ನೆಲ್ಲ ಬರೆದಿಟ್ಟರು, ಅಳಿಸಲಿಲ್ಲ. ಅನುಮಾನವನ್ನು ಮುಚ್ಚಿಡಬೇಕಾದ ಅವಮಾನ ಎಂದು ಅವರು ಎಣಿಸಿರಲಿಕ್ಕಿಲ್ಲ.

ಯೋಹಾನನಲ್ಲಿ ತೋಮ ಬರುತ್ತಾನೆ. ಕೇರಳದ ಸುರಿಯಾನಿ ಕ್ರೈಸ್ತರು ತಮ್ಮ ನಂಬಿಕೆಯ ಮೂಲಪುರುಷ ಎನ್ನುವುದು ಇವನನ್ನೇ, ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದನೆಂಬುದು ಅವರ ಪರಂಪರೆ. ಈಸ್ಟರಿನ ಮುಂದಿನ ಭಾನುವಾರವನ್ನು ಇಲ್ಲಿ ‘ಪುದು ಞಾಯರ್’ ಎನ್ನುತ್ತಾರೆ, ಅಂದರೆ ಹೊಸ ಭಾನುವಾರ. ಎರ್ನಾಕುಲಂ ಜಿಲ್ಲೆಯ ಮಲಯಾಟ್ಟೂರಿನ ಬೆಟ್ಟವನ್ನು ಶಿಲುಬೆ ಹೊತ್ತ ಜನ ಅವನ ಹೆಸರಿನಲ್ಲಿ ಹತ್ತುತ್ತಾರೆ.

ತೋಮನ ಕಥೆ ಓದುವಾಗ ನಾವು ಅವನು ಗಾಯ ನೋಡಿದ ಗಳಿಗೆಗೆ ಹಾರಿಬಿಡುತ್ತೇವೆ. ಅದಕ್ಕೂ ಮುಂಚೆ ಎಂಟು ದಿನಗಳಿವೆ. ಉಳಿದವರು ‘ಕಂಡೆವು’ ಎಂದಿದ್ದಾರೆ. ಮೊಳೆಯ ಗಾಯಕ್ಕೆ ಬೆರಳಿಡದೆ ನಂಬುವುದಿಲ್ಲ ಎಂದು ಇವನೂ ಹೇಳಿಯಾಗಿದೆ. ಎಂಟು ದಿನವಾದ ಮೇಲೆ ಮತ್ತೆ ಬಾಗಿಲು ಹಾಕಿದ ಅದೇ ಮನೆ, ತೋಮನೂ ಅವರ ಜೊತೆಗಿದ್ದಾನೆ. ನಡುವೆ ಏನಾಯಿತೆಂದು ಯೋಹಾನ ಬರೆಯುವುದಿಲ್ಲ. ಇಷ್ಟಂತೂ ನಿಜ: ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಹೆದರಿಕೆಯಿಂದ ಹಾಕಿಕೊಂಡ ಬಾಗಿಲಿನ ಒಳಗಡೆಯೇ ಅವನಿಗೂ ಜಾಗವಿತ್ತು. ಅವರು ಪ್ರಾರ್ಥಿಸುವಾಗ ಅವನ ತುಟಿ ಅಲ್ಲಾಡಿತೋ ಇಲ್ಲವೋ, ಕಪಟವಂತೂ ಇರಲಿಲ್ಲ. ತನ್ನಿಂದ ಹೇಳಲಾಗದ್ದು ಯಾವುದೆಂದು ಅವನು ಎಲ್ಲರೆದುರು ಹೇಳಿಬಿಟ್ಟಿದ್ದ. ಕಪಟ ಇರುವುದು ಮುಚ್ಚಿಡುವುದರಲ್ಲಿ, ಜೊತೆಗೆ ಕೂರುವುದರಲ್ಲಲ್ಲ.

17ನೇ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲ್ ನಂಬಲಾಗದವರಿಗೆ ಬೇರೊಂದು ದಾರಿ ತೋರಿಸಿದ್ದ: ನಂಬಿದವರು ಮಾಡುವುದನ್ನೆಲ್ಲ ಮಾಡುತ್ತ ಹೋಗು, ತೀರ್ಥ ತೆಗೆದುಕೋ, ಪೂಜೆ ಮಾಡಿಸು, ನಂಬಿಕೆ ತಾನಾಗಿ ಬರುತ್ತದೆ. ಅಭ್ಯಾಸಕ್ಕೆ ಆ ಶಕ್ತಿ ಇದೆಯೆಂದು ಒಪ್ಪುತ್ತೇನೆ. ಆದರೆ ಇದರಲ್ಲಿ ಅನುಮಾನ ರೋಗವಾಗುತ್ತದೆ, ಪ್ರಾರ್ಥನೆ ಔಷಧಿಯಾಗುತ್ತದೆ. ಎಂಟು ದಿನ ತೋಮನಿಗೆ ಯಾರೂ ಚಿಕಿತ್ಸೆ ಕೊಟ್ಟಂತೆ ಕಾಣುವುದಿಲ್ಲ. ಅವನು ಅವರಲ್ಲೊಬ್ಬ, ಅಷ್ಟೇ.

ಇದು ನನಗೆ ಸ್ಪಷ್ಟವಾದದ್ದು ಇಲ್ಲಿನ ಪೆಸಹಾ ಗುರುವಾರದಿಂದ. ಶುಭ ಶುಕ್ರವಾರದ ಹಿಂದಿನ ಆ ಸಂಜೆ ಇಲ್ಲಿನ ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ ಅಕ್ಕಿ ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಅಪ್ಪಂ ಬೇಯಿಸಿ, ಮೇಲೆ ಗರಿಯ ಶಿಲುಬೆ ಇಡುತ್ತಾರೆ. ಹಿರಿಯರು ಪ್ರಾರ್ಥಿಸಿ ಮುರಿದು ಹಂಚುತ್ತಾರೆ. ಜೊತೆಗೆ ತೆಂಗಿನಹಾಲು, ಬೆಲ್ಲದ ಪಾನಕ. ಸಾವಾದ ಮನೆಯಲ್ಲಿ ಆ ವರ್ಷ ಇದನ್ನು ಮಾಡುವುದಿಲ್ಲ. ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಕೆಳಗಿನ ಮನೆಯ ಅಮ್ಮಚ್ಚಿ ನನಗೂ ಒಂದು ತುಂಡು ತಂದರು. ನಮ್ಮ ಕಡೆ ಈ ಪದ್ಧತಿಯೇ ಇಲ್ಲ ಎಂದೆ. ‘ಸಾವಾದ ಮನೆಯಲ್ಲವೇ ಮೋನೇ, ಮಾಡಿದವರು ಕೊಡಬೇಕು’ ಎಂದರು.

ಈ ಪದ್ಧತಿಯಲ್ಲಿ ದುಃಖದಲ್ಲಿರುವವನನ್ನು ಅಪ್ಪಂ ಮಾಡು ಎಂದು ಯಾರೂ ಒತ್ತಾಯಿಸುವುದಿಲ್ಲ. ಮಾಡಲಿಲ್ಲವೆಂದು ಪಂಕ್ತಿಯಿಂದ ಏಳಿಸುವುದೂ ಇಲ್ಲ. ಅವನ ಪಾಲನ್ನು ಬೇರೆಯವರು ಬೇಯಿಸುತ್ತಾರೆ. ಪ್ರಾರ್ಥನೆಯೂ ಹಾಗೇ ಇರಬಹುದಲ್ಲವೆ? ಅಮ್ಮ ಫೋನಿನಲ್ಲಿ ‘ಚರ್ಚಿಗೆ ಹೋಗಿ ಬಂದಿಯೇನಪಾ?’ ಎಂದಾಗ, ಹೋಗಿದ್ದೆ, ಆ ಒಂದು ಸಾಲು ಮಾತ್ರ ಹೇಳಲಾಗುತ್ತಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ ಬಿಡು, ಅದನ್ನ ನಾ ಹೇಳತೀನಿ’ ಎಂದಳು.

ತೋಮನಿಗೆ ಕೊನೆಗೆ ಗಾಯ ಕಂಡಿತು, ನನಗೆ ಕಾಣಲಿಕ್ಕಿಲ್ಲ ಎಂಬ ಆಕ್ಷೇಪಣೆ ಉಳಿದೇ ಇದೆ. ನನ್ನ ಎಂಟು ದಿನ ಎಂಬತ್ತು ವರ್ಷವಾಗಬಹುದು. ಆದರೂ ಜೊತೆಗಿರುವುದನ್ನು ಮುಂದೆ ಸಿಗುವ ಉತ್ತರಕ್ಕಾಗಿ ಕಾಯುವುದು ಎಂದಷ್ಟೇ ನಾನು ತಿಳಿದಿಲ್ಲ. ಇದಕ್ಕೆ ಎರಡು ಕಟ್ಟುಗಳಿವೆ. ನಂಬದವನು ತನ್ನಿಂದ ಹೇಳಲಾಗದ್ದನ್ನು ಹೇಳಿದಂತೆ ನಟಿಸಬಾರದು. ನಂಬಿದವರು ಅವನ ಮೌನವನ್ನು ಲೆಕ್ಕ ಕೇಳಬಾರದು. ಬಾಯಿ ತೆರೆಯಲೇಬೇಕು ಎಂದು ಒತ್ತಾಯಿಸುವ ಮನೆಯಿಂದ ಎದ್ದು ಬರುವುದೇ ಸರಿ. ಈ ಎರಡೂ ನಡೆಯುವ ಕಡೆ ಕೂರಬಹುದು ಎಂದು ನನಗೆ ಅನ್ನಿಸುತ್ತದೆ. ಈಗಲೂ ವಿಶ್ವಾಸ ಪ್ರಮಾಣದಲ್ಲಿ ಆ ಸಾಲು ಬಂದಾಗ ಸುಮ್ಮನಾಗುತ್ತೇನೆ. ಸುತ್ತಲಿನವರು ಮಲಯಾಳದಲ್ಲಿ ಅದನ್ನು ಹೇಳಿ ಮುಗಿಸುತ್ತಾರೆ. ಮುಂದಿನ ಮಾತಿಗೆ ನಾನೂ ಸೇರಿಕೊಳ್ಳುತ್ತೇನೆ, ಕನ್ನಡದಲ್ಲಿ.